ಪಡಿತರಕ್ಕೆ ಯಾರು ಅರ್ಹರು? ನೀತಿ ಬದಲಾದಂತೆ ಬದಲಾದ ನ್ಯಾಯಬೆಲೆ ಅಂಗಡಿ

ಪಡಿತರದ ಚರ್ಚೆ ಹೆಚ್ಚಾಗಿ ಎಷ್ಟು ಕೆಜಿ, ಯಾವ ದರ ಎಂಬಲ್ಲಿಗೇ ನಿಲ್ಲುತ್ತದೆ. ಬಡವರ ಮನೆಯ ಊಟವನ್ನು ನಿರ್ಧರಿಸುತ್ತ ಬಂದದ್ದು ಬೇರೆಯೇ ಪ್ರಶ್ನೆ: ಯಾರು ಅರ್ಹರು, ಅದನ್ನು ಹೇಗೆ ರುಜುವಾತು ಮಾಡಬೇಕು?

ಎರಡನೇ ಮಹಾಯುದ್ಧದ ಕಾಲದಲ್ಲಿ ಮುಖ್ಯವಾಗಿ ನಗರಗಳಿಗೆಂದು ಬಂದ ಪಡಿತರಕ್ಕೆ 1965ರಲ್ಲಿ ಸ್ಥಾಪನೆಯಾದ ಭಾರತೀಯ ಆಹಾರ ನಿಗಮ ಗಟ್ಟಿ ತಳಹದಿ ಒದಗಿಸಿತು. 1992ರಲ್ಲಿ ಗುಡ್ಡಗಾಡು, ಬುಡಕಟ್ಟು ಮತ್ತು ಬರಪೀಡಿತ ಪ್ರದೇಶಗಳತ್ತ ಗಮನ ಹರಿಯಿತು. ಅಲ್ಲಿಯವರೆಗೂ ಆದ್ಯತೆ ಸಿಗುತ್ತಿದ್ದುದು ಪ್ರದೇಶಕ್ಕೆ; ಮನೆಮನೆಯನ್ನು ಬೇರ್ಪಡಿಸುವ ಪದ್ಧತಿ ಇರಲಿಲ್ಲ.

1997ರ ಜೂನ್‌ನಲ್ಲಿ ಅದೂ ಬಂತು. ಕುಟುಂಬಗಳನ್ನು ಬಡತನ ರೇಖೆಗಿಂತ ಮೇಲಿನ ಎಪಿಎಲ್, ಕೆಳಗಿನ ಬಿಪಿಎಲ್ ಎಂದು ವಿಂಗಡಿಸಲಾಯಿತು. 2000ದಲ್ಲಿ ಎಪಿಎಲ್ ದರವನ್ನು ಸರ್ಕಾರದ ಪೂರ್ಣ ವೆಚ್ಚದ ಮಟ್ಟಕ್ಕೆ ಏರಿಸಿದಾಗ ಆ ಕಾರ್ಡಿನವರು ನ್ಯಾಯಬೆಲೆ ಅಂಗಡಿಯತ್ತ ಬರುವುದನ್ನೇ ಬಿಟ್ಟರು. ವ್ಯಾಪಾರ ಕುಗ್ಗಿ ಅಂಗಡಿ ನಡೆಸುವುದೇ ಕಷ್ಟವಾಯಿತು. ಸಮೀಕ್ಷೆಯಲ್ಲಿ ಕೈತಪ್ಪಿದ ಕೂಲಿಕಾರರು ಬಡವರಾಗಿದ್ದೂ ಬಿಪಿಎಲ್ ಆಗಲಿಲ್ಲ. ಎಲ್ಲರಿಗೂ ಪಡಿತರ ಮುಂದುವರಿಸಿದ ತಮಿಳುನಾಡಿನಲ್ಲಿ ಈ ಬಗೆಯ ಹೊರಗುಳಿಯುವಿಕೆ ತೀರ ಕಡಿಮೆ.

ಗೋದಾಮುಗಳಲ್ಲಿ ಧಾನ್ಯ ತುಂಬಿದ್ದಾಗಲೇ ಜನ ಹಸಿದಿದ್ದಾರೆಂದು 2001ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಸುಪ್ರೀಂ ಕೋರ್ಟಿನ ಮೊರೆಹೋಯಿತು. ಆ ಮೊಕದ್ದಮೆಯ ಆದೇಶಗಳು ಬಿಸಿಯೂಟ, ಅಂಗನವಾಡಿ, ಅಂತ್ಯೋದಯ ಯೋಜನೆಗಳಿಗೆ ಹಕ್ಕಿನ ಬಲ ತಂದವು. 2013ರ ಆಹಾರ ಭದ್ರತಾ ಕಾಯ್ದೆ ಗ್ರಾಮೀಣ ಜನರಲ್ಲಿ ಶೇ 75, ನಗರವಾಸಿಗಳಲ್ಲಿ ಶೇ 50ರಷ್ಟು ಮಂದಿಯನ್ನು ಒಳಗೊಂಡಿತು. ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಮಹಿಳೆಯೇ ಯಜಮಾನಿಯಾದಳು. ಅದೇ ವರ್ಷ ಜುಲೈನಲ್ಲಿ ಕರ್ನಾಟಕ ಕೆಜಿಗೆ ಒಂದು ರೂಪಾಯಿಯಂತೆ ಅಕ್ಕಿ ಕೊಡುವ ಅನ್ನಭಾಗ್ಯ ಆರಂಭಿಸಿತು. 2015ರಲ್ಲಿ ಅಕ್ಕಿ ಉಚಿತವಾಯಿತು.

ಅರ್ಹತೆ ವಿಸ್ತರಿಸಿದರೂ ರುಜುವಾತು ಬಿಗಿಯಾಯಿತು. ಅಂಗಡಿಗೆ ಬಯೋಮೆಟ್ರಿಕ್ ಯಂತ್ರ ಬಂತು. ಸಿಮೆಂಟು, ಕಲ್ಲು ಮುಟ್ಟಿ ಸವೆದ ಬೆರಳನ್ನು ಅದು ಗುರುತಿಸದಿದ್ದರೆ ಒರೆಸಿಕೊಂಡು ಮತ್ತೆ ಒತ್ತಬೇಕು. ಸರ್ವರ್ ಡೌನ್ ಆದರೆ ಆ ದಿನದ ಕೂಲಿ ಬಿಟ್ಟು ನಾಳೆ ಬರಬೇಕು. 2017ರಲ್ಲಿ ಗೋಕರ್ಣದ ಬಳಿ ಮೂವರು ಸಹೋದರರು ತೀರಿಕೊಂಡಾಗ, ಆಧಾರ್ ಜೋಡಣೆಯಾಗದೆ ಆ ಮನೆಗೆ ಪಡಿತರ ನಿಂತಿತ್ತು ಎಂದು ಹಕ್ಕುಗಳ ಸಂಘಟನೆಗಳು ಹೇಳಿದವು. ಹಸಿವಿನ ಸಾವು ಎಂಬುದನ್ನು ಆಡಳಿತ ಒಪ್ಪಲಿಲ್ಲ.

2023ರ ಜೂನ್‌ನಲ್ಲಿ ಆಹಾರ ನಿಗಮ ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿತು. ಕೇಂದ್ರದ ಪಾಲಿನ ಜೊತೆಗೆ ತಾನು ಕೊಡುವುದಾಗಿ ಹೇಳಿದ್ದ ಹೆಚ್ಚುವರಿ ಐದು ಕೆಜಿ ಅಕ್ಕಿಯ ಬದಲಿಗೆ ಕರ್ನಾಟಕ ಕೆಜಿಗೆ 34 ರೂಪಾಯಿಯಂತೆ ತಲಾ 170 ರೂಪಾಯಿ ಖಾತೆಗೆ ಹಾಕಿತು. ಹಣ ಬಂದಿತೇ ಎಂದು ತಿಳಿಯಲು ಬ್ಯಾಂಕಿಗೂ ಅಲೆಯಬೇಕಾಯಿತು. ಖಾತೆಗೆ ಆಧಾರ್ ಜೋಡಣೆಯಾಗದವರಿಗೆ ಅದೂ ಸಿಗಲಿಲ್ಲ. 2025ರಲ್ಲಿ ಕೇಂದ್ರ ಕೆಜಿಗೆ 22.50 ರೂಪಾಯಿಗೆ ಅಕ್ಕಿ ಕೊಡಲು ಮುಂದಾದ ಮೇಲೆ ರಾಜ್ಯ ಹಣ ನಿಲ್ಲಿಸಿ ಮತ್ತೆ ಅಕ್ಕಿಯನ್ನೇ ಕೊಡಲು ನಿರ್ಧರಿಸಿತು.

ಇಷ್ಟೆಲ್ಲ ಬದಲಾದರೂ ರಾಜ್ಯಗಳಿಗೆ ಕೇಂದ್ರ ನಿಗದಿ ಮಾಡಿದ ಫಲಾನುಭವಿಗಳ ಮಿತಿ 2011ರ ಜನಗಣತಿಯನ್ನೇ ಆಧರಿಸಿದೆ. ಅಂದಿನಿಂದ ಜನಸಂಖ್ಯೆ ಬೆಳೆದಿದೆ, ಮಿತಿ ಬೆಳೆದಿಲ್ಲ. ವಲಸೆ ಕಾರ್ಮಿಕರ ಸಂಕಷ್ಟದ ಕುರಿತ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪದೇ ಪದೇ ಎತ್ತಿದ್ದು ಇದೇ ಅಂಶವನ್ನು. ಮುಂದಿನ ಜನಗಣತಿಯ ಅಂಕಿಅಂಶಕ್ಕೆ ಕಾಯದೆ ಹೊಸ ಚೀಟಿ ಕೊಡುವ ದಾರಿಯನ್ನು ಸರ್ಕಾರಗಳು ಈಗಲೇ ಕಂಡುಕೊಳ್ಳಬೇಕಿದೆ.