ಭೀಮೆಯ ಮೀನು, ಕಾವೇರಿಯ ಮೀನು: ಮಹಶೀರ್‌ಗಳ ಆನುವಂಶಿಕ ಭಿನ್ನತೆ

ಭಿನ್ನತೆ ಹುಟ್ಟುವ ಬಗೆ

ಒಂದೇ ಮೂಲದ ಮೀನುಗಳು ಎರಡು ಗುಂಪುಗಳಾಗಿ ಒಡೆದು, ಬಹುಕಾಲ ಪರಸ್ಪರ ಕೂಡದೆ ಉಳಿದರೆ ಅವುಗಳ ಡಿಎನ್‌ಎಯಲ್ಲಿ ಸಣ್ಣ ಸಣ್ಣ ವ್ಯತ್ಯಾಸಗಳು ತಲೆಮಾರಿನಿಂದ ತಲೆಮಾರಿಗೆ ಸೇರುತ್ತ ಹೋಗುತ್ತವೆ. ಹವಳದ ದಿಬ್ಬಗಳ ಮೀನಿನ ಮರಿಗಳು ಪ್ರವಾಹದಲ್ಲಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ತೇಲಿ ಬೇರೊಂದು ದಿಬ್ಬವನ್ನು ಸೇರುವುದುಂಟು. ಹೊಳೆಯ ಮೀನಿಗೆ ಆ ದಾರಿಯಿಲ್ಲ. ಕೃಷ್ಣೆಗೂ ಕಾವೇರಿಗೂ ನಡುವೆ ಇರುವುದು ನೆಲ, ಕೆಳಗೆ ಉಪ್ಪುನೀರು.

ಎರಡು ನದಿ, ಎರಡು ಮೀನು

ವಿಜಯಪುರ ಜಿಲ್ಲೆಯ ಮನಗೂಳಿಯ ಉತ್ತರಕ್ಕೆ ಇಂಡಿ, ಸಿಂದಗಿಗಳ ಅಂಚಿನಲ್ಲಿ ಭೀಮೆ ಹರಿಯುತ್ತದೆ. ದಕ್ಷಿಣಕ್ಕೆ ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಕಡೆ ಕೃಷ್ಣೆ. ಮುಂದೆ ರಾಯಚೂರು ಸೀಮೆಯಲ್ಲಿ ಇವೆರಡೂ ಕೂಡುತ್ತವೆ. ಭೀಮೆಗೆ ನೀರು ತರುವ ಪುಣೆಯ ಮುಳಾ-ಮುಠಾ ಹೊಳೆಯ ಮಹಶೀರ್ ಎಂಬ ಮೀನನ್ನು 1839ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ವರ್ಣಿಸಿದ. ಇಂದು ಅದರ ಹೆಸರು ಟಾರ್ ಖುದ್ರೀ. ಇದರ ರೆಕ್ಕೆಗೆ ನೀಲಿ ಛಾಯೆ.

ಕಾವೇರಿಯದು ಕೇಸರಿ ರೆಕ್ಕೆಯ, ತಲೆಯ ಹಿಂದೆಯೇ ಬೆನ್ನು ಗೂನಾಗಿ ಏಳುವ ದೈತ್ಯ. 1946ರಲ್ಲಿ ಕಾವೇರಿಯ ಉಪನದಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ ಒಂದರ ತೂಕ 120 ಪೌಂಡ್, ಅಂದರೆ ಸುಮಾರು 54 ಕಿಲೋ. ಇಷ್ಟು ಹೆಸರುವಾಸಿಯಾದ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು ದೊರೆತದ್ದು ಮಾತ್ರ 2018ರಲ್ಲಿ! ಕಾವೇರಿ ಜಲಾನಯನಕ್ಕೆ ಸೇರಿದ ಕೇರಳದ ಪಾಂಬಾರ್ ಹೊಳೆಯಿಂದ ಮೊದಲೇ ವರ್ಣಿತವಾಗಿದ್ದ ಟಾರ್ ರೇಮಾದೇವಿಯೇ ಇದು ಎಂಬುದು ಆಗ ಸ್ಥಿರಪಟ್ಟಿತು.

ಗುರುತಿಸುವುದು ಹೇಗೆ?

ರೆಕ್ಕೆಯಿಂದ ಉಗುರಿನಷ್ಟು ಚೂರು ಸಾಕು; ಮೀನನ್ನು ಕೊಲ್ಲಬೇಕಿಲ್ಲ. ಚೂರನ್ನು ಆಲ್ಕೋಹಾಲಿನಲ್ಲಿಟ್ಟು, ಪ್ರಯೋಗಾಲಯದಲ್ಲಿ ತಾಯಿಯಿಂದಲೇ ಮರಿಗೆ ಬರುವ ಮೈಟೋಕಾಂಡ್ರಿಯದ ಡಿಎನ್‌ಎಯನ್ನು ಓದುತ್ತಾರೆ. ಅದರ ಅಕ್ಷರಸಾಲನ್ನು ಬೇರೆ ಮೀನಿನ ಸಾಲಿನ ಪಕ್ಕದಲ್ಲಿಟ್ಟರೆ ನಂಟು ಎಷ್ಟು ಹತ್ತಿರದ್ದೆಂದು ತಿಳಿಯುತ್ತದೆ. ಆದರೆ ತಂದೆಯ ಪಾಲು ಇದರಲ್ಲಿ ಕಾಣದು. ಮಿಶ್ರತಳಿಯನ್ನು ಹಿಡಿಯಲು ಕೋಶಕೇಂದ್ರದ ಡಿಎನ್‌ಎಯನ್ನೂ ನೋಡಬೇಕು.

ಈ ತಿಳಿವಳಿಕೆಯ ಬಳಕೆ

1970ರ ದಶಕದಿಂದ ಮಹಾರಾಷ್ಟ್ರದ ಲೋಣಾವಳದ ಮೀನುಮರಿ ಕೇಂದ್ರದಲ್ಲಿ ಖುದ್ರೀ ಮರಿಗಳನ್ನು ಬೆಳೆಸಲಾಯಿತು. ಸಂರಕ್ಷಣೆಯ ಸದುದ್ದೇಶದಿಂದಲೇ ಅವನ್ನು ಕಾವೇರಿಗೂ ಬಿಟ್ಟರು. ನೀಲಿ ರೆಕ್ಕೆಯವು ಅಲ್ಲಿ ಹೆಚ್ಚಿದವು, ಗೂನುಬೆನ್ನಿನವು ಕುಗ್ಗಿದವು. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದಿನ ಬೇಟೆಗಳೂ ಈ ಕುಸಿತಕ್ಕೆ ಕಾರಣವೆಂಬುದು ನಿಜ. ಆದರೂ ಹೊರಗಿನ ಮರಿಗಳನ್ನು ತಂದು ಸುರಿದದ್ದು ತಪ್ಪೆಂದೇ ಹೇಳಬೇಕು. ಮರಿ ಬಿಡುವ ಮುನ್ನ ಅದರ ತಾಯಿ ಯಾವ ನದಿಯದೆಂದು ಪರೀಕ್ಷಿಸಲು ಈಗ ಸಾಧನವಿದೆ. ಪ್ರತಿ ಮೀನುಮರಿ ಕೇಂದ್ರವೂ ಅದನ್ನು ಬಳಸಬೇಕು. ಟಾರ್ ರೇಮಾದೇವಿ ಇಂದು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಮೀನು.