ಏರ್ ಫ್ರೈಯರ್: ಏನು ಮಾಡಬಹುದು, ಏನು ಆಗದು

ಏರ್ ಫ್ರೈಯರ್ ಎಂದರೆ ಅಡುಗೆಕಟ್ಟೆಯ ಮೇಲಿಡುವ ಪುಟ್ಟ ವಿದ್ಯುತ್ ಒಲೆ. ಮೇಲ್ಭಾಗದ ಕಾಯಿಲ್ ಕಾಯುತ್ತದೆ. ಫ್ಯಾನು ಆ ಬಿಸಿಗಾಳಿಯನ್ನು ಬುಟ್ಟಿಯ ಸುತ್ತ ವೇಗವಾಗಿ ತಿರುಗಿಸುತ್ತದೆ. ಫಿಲಿಪ್ಸ್ ಕಂಪೆನಿಯ ಏರ್ ಫ್ರೈಯರ್ 2010ರಲ್ಲಿ ಮಾರುಕಟ್ಟೆಗೆ ಬಂತು.

ಹೆಸರು ಹಾಗಿದ್ದರೂ ಇದರಲ್ಲಿ ಕರಿಯುವುದಿಲ್ಲ. ಕಾದ ಎಣ್ಣೆಗೆ ಬಿದ್ದ ಹಿಟ್ಟು ಕೂಡಲೇ ಗಟ್ಟಿಯಾಗುತ್ತದೆ, ಗಾಳಿಯಲ್ಲಿ ಹಾಗಾಗದು. ಆದ್ದರಿಂದ ಬಜ್ಜಿ, ಬೋಂಡಾದ ನೀರು ಹಿಟ್ಟು ಬುಟ್ಟಿಯಿಂದ ಸೋರುತ್ತದೆ. ಬೆಂಡೆಕಾಯಿ, ನೆಲಗಡಲೆ, ಮಸಾಲೆ ಸವರಿದ ಮೀನು ಚೆನ್ನಾಗಿ ಬರುತ್ತವೆ.

ಆಲೂಗಡ್ಡೆಯಾದರೆ ಉದ್ದಕ್ಕೆ ಹೆಚ್ಚಿ, ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಒರೆಸಿ. ಅರ್ಧ ಕಿಲೋಗೆ ಒಂದು ಚಮಚ ಎಣ್ಣೆ ಸವರಿ, 180 ಡಿಗ್ರಿಯಲ್ಲಿ ಸುಮಾರು 20 ನಿಮಿಷ ಇಡಿ. ನಡುವೆ ಬುಟ್ಟಿ ಕುಲುಕಿ. ಹೊಂಬಣ್ಣ ಬಂದೊಡನೆ ತೆಗೆಯಿರಿ. ಕಂದಿದಷ್ಟೂ ಅಕ್ರಿಲಮೈಡ್ ಎಂಬ, ಕ್ಯಾನ್ಸರ್‌ಕಾರಕವೆಂದು ಶಂಕಿಸಲಾದ ವಸ್ತು ಹೆಚ್ಚುತ್ತದೆ.

ಹಲಸಿನ ಹಪ್ಪಳ ಹಗುರ. ಹಾರಿ ಕಾಯಿಲ್‌ಗೆ ತಗಲದಂತೆ ಮೇಲೊಂದು ಸ್ಟೀಲ್ ಜಾಲರಿ ಇಡಿ.

1500 ವ್ಯಾಟ್‌ನ ಯಂತ್ರ 230 ವೋಲ್ಟ್‌ನಲ್ಲಿ ಸುಮಾರು 6.5 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್‌ನ ಸಣ್ಣ ಸಾಕೆಟ್ಟಾಗಲಿ, ಎಕ್ಸ್‌ಟೆನ್ಷನ್ ವಯರಾಗಲಿ ಬೇಡ; ವಯರು ಕಾದು ಕರಗೀತು. 16 ಆಂಪಿಯರ್‌ನ ಸಾಕೆಟ್ಟನ್ನೇ ಬಳಸಿ.