ರೋಗನಿರೋಧಕ ಶಕ್ತಿಗೆ ಕಡಿವಾಣ: ಔಷಧಗಳ ಹುಡುಕಾಟ ಸಾಗಿಬಂದ ಹಾದಿ

ಕಸಿ ಮಾಡಿದ ಪರರ ಅಂಗವನ್ನು ದೇಹ ತಿರಸ್ಕರಿಸುವುದು ರೋಗನಿರೋಧಕ ವ್ಯವಸ್ಥೆಯ ಕೆಲಸ ಎಂದು 1940ರ ದಶಕದಲ್ಲಿ ಪೀಟರ್ ಮೆಡವಾರ್ ಚರ್ಮದ ಕಸಿಗಳ ಮೂಲಕ ತೋರಿಸಿದರು. 1954ರಲ್ಲಿ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಮಾಡಿದ ಮೂತ್ರಪಿಂಡದ ಕಸಿ ಫಲಿಸಿದ್ದು ದಾನಿ ಮತ್ತು ರೋಗಿ ಏಕರೂಪದ ಅವಳಿಗಳಾಗಿದ್ದರಿಂದ. ಉಳಿದವರಿಗೆ ಆ ವ್ಯವಸ್ಥೆಯನ್ನು ತಗ್ಗಿಸುವ ರಾಸಾಯನಿಕ ಬೇಕಿತ್ತು. ಅಲ್ಲಿಂದ ಮುಂದಿನ ಹುಡುಕಾಟದಲ್ಲಿ ಸಂಯುಕ್ತವನ್ನು ತಯಾರಿಸುವ ಜಾಣ್ಮೆಗಿಂತ, ಅದನ್ನು ಯಾವ ಪರೀಕ್ಷೆಗೆ ಒಡ್ಡಿದರು ಎಂಬುದೇ ಹೆಚ್ಚು ಸಲ ನಿರ್ಣಾಯಕವಾಯಿತು.

ಮೊದಲ ಔಷಧ ಬಂದದ್ದು ಕ್ಯಾನ್ಸರ್ ಸಂಶೋಧನೆಯಿಂದ. ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ತಂಡದ 6-ಮರ್ಕ್ಯಾಪ್ಟೊಪ್ಯೂರಿನ್ ಲ್ಯುಕೇಮಿಯಾದ ಮದ್ದಾಗಿತ್ತು. ಅದನ್ನು ಪಡೆದ ಮೊಲಗಳಲ್ಲಿ ಹೊರಗಿನ ಪ್ರೋಟೀನಿನ ವಿರುದ್ಧ ಪ್ರತಿಕಾಯಗಳು ಹುಟ್ಟದಿದ್ದುದನ್ನು ರಾಬರ್ಟ್ ಶ್ವಾರ್ಟ್ಜ್ ಮತ್ತು ವಿಲಿಯಂ ಡಮೆಶೆಕ್ ಕಂಡರು. ಅದೇ ಅಣುವಿನ ಮಾರ್ಪಾಡಾದ ಅಜಥಯೋಪ್ರಿನ್, ಸ್ಟೀರಾಯ್ಡ್ ಜೊತೆ ಸೇರಿ 1960ರ ದಶಕದಲ್ಲಿ ಕಸಿ ಚಿಕಿತ್ಸೆಗೆ ಆಧಾರವಾಯಿತು. ಆದರೆ ವೇಗವಾಗಿ ವಿಭಜಿಸುವ ಕೋಶಗಳಿಗೆಲ್ಲ ಅದು ಪೆಟ್ಟು ಕೊಡುತ್ತಿತ್ತು, ಅಸ್ಥಿಮಜ್ಜೆಯೂ ಬಳಲುತ್ತಿತ್ತು.

ಈ ಮಿತಿ ದಾಟಿದ್ದು ಸೈಕ್ಲೋಸ್ಪೊರಿನ್. ನಾರ್ವೆಯ ಹಾರ್ಡಂಗರ್‌ವಿಡ್ಡ ಪ್ರಸ್ಥಭೂಮಿಯ ಮಣ್ಣಿನ ಶಿಲೀಂಧ್ರದಿಂದ ದೊರೆತ ಈ ಪೆಪ್ಟೈಡ್, ಶಿಲೀಂಧ್ರನಾಶಕವಾಗಿ ಅಷ್ಟೇನೂ ಉಪಯೋಗಕ್ಕೆ ಬರಲಿಲ್ಲ. 1972ರಲ್ಲಿ ಬಾಸೆಲ್‌ನ ಸ್ಯಾಂಡೋಜ್ ಪ್ರಯೋಗಾಲಯದಲ್ಲಿ ಇಲಿಗಳ ಮೇಲೆ ಪರೀಕ್ಷಿಸಿದಾಗ, ಕೋಶಗಳನ್ನು ಸಾಮೂಹಿಕವಾಗಿ ಕೊಲ್ಲದೆಯೇ ಪ್ರತಿಕಾಯಗಳನ್ನು ತಗ್ಗಿಸುವ ಅದರ ಗುಣ ಬೆಳಕಿಗೆ ಬಂತು. 1978ರಲ್ಲಿ ಕೇಂಬ್ರಿಜ್‌ನ ರಾಯ್ ಕಾಲ್ನ್ ಅದನ್ನು ರೋಗಿಗಳಿಗೆ ಕೊಟ್ಟಾಗ, ಪ್ರಾಣಿಗಳಲ್ಲಿ ಎದ್ದುಕಾಣದಿದ್ದ ಮೂತ್ರಪಿಂಡದ ಹಾನಿ ಗೋಚರಿಸಿತು. ಜಪಾನಿನ ತ್ಸುಕುಬಾದ ಮಣ್ಣಿನಿಂದ 1984ರಲ್ಲಿ ಸಿಕ್ಕ ಟ್ಯಾಕ್ರೊಲಿಮಸ್‌ನ ಕಥೆ ಇದಕ್ಕೆ ವಿರುದ್ಧ: ನಾಯಿಗಳಲ್ಲಿ ತೀವ್ರ ವಿಷವೆನಿಸಿದ್ದು ಮನುಷ್ಯರಲ್ಲಿ ಕೆಲಸಕ್ಕೆ ಬಂತು. ಅದನ್ನು ಹೆಕ್ಕಿದ್ದು ಲಿಂಫೋಸೈಟ್ ಮಿಶ್ರಣ ಪರೀಕ್ಷೆ. ಇಬ್ಬರ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳನ್ನು ಬೆರೆಸಿದರೆ ಅವು ಪರಸ್ಪರ ಕೆರಳಿ ವೃದ್ಧಿಸುತ್ತವೆ. ಆ ವೃದ್ಧಿಯನ್ನು ತಡೆಯುವ ಸಂಯುಕ್ತ ಮುಂದಿನ ಸುತ್ತಿಗೆ ಅರ್ಹ. ಇಂಥ ಜಟಿಲ ಅಣುಗಳನ್ನು ಇಂದಿಗೂ ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದಲೇ ಪಡೆಯುತ್ತಾರೆ. ಬೆಂಗಳೂರಿನ ಬಯೋಕಾನ್ ಕಂಪನಿ ಕೂಡ ಈ ಕ್ಷೇತ್ರದಲ್ಲಿದೆ.

ಸೈಕ್ಲೋಸ್ಪೊರಿನ್ ಮತ್ತು ಟ್ಯಾಕ್ರೊಲಿಮಸ್ ಎರಡೂ ಕ್ಯಾಲ್ಸಿನ್ಯೂರಿನ್ ಎಂಬ ಒಂದೇ ಕಿಣ್ವವನ್ನು ತಡೆಯುತ್ತವೆ ಎಂದು 1991ರಲ್ಲಿ ತಿಳಿದ ಮೇಲೆ, ಗುರಿಯನ್ನು ಮೊದಲು ಆರಿಸಿ ಅಣುವನ್ನು ಆಮೇಲೆ ರೂಪಿಸುವ ದಾರಿ ತೆರೆಯಿತು. ಜಾನಸ್ ಕೈನೇಸ್ ಕಿಣ್ವಗಳನ್ನು ತಡೆಯುವ ಟೋಫಾಸಿಟಿನಿಬ್ ಈ ದಾರಿಯದು. ಹಳೆಯ ದಾರಿಯೂ ಮುಚ್ಚಿರಲಿಲ್ಲ. ಕ್ಯೋಟೊದ ತೆತ್ಸುರೊ ಫುಜಿತಾ ತಂಡ ಶಿಲೀಂಧ್ರಜನ್ಯ ಮೈರಿಯೊಸಿನ್‌ನ ವಿಷಗುಣ ಇಳಿಸಲು ಅದರ ರಚನೆಯನ್ನು ಹಂತಹಂತವಾಗಿ ಸರಳಗೊಳಿಸಿ ಫಿಂಗೊಲಿಮೋಡ್ ತಯಾರಿಸಿತು. ಅಣು ಬದಲಾದಂತೆ ಕಾರ್ಯವಿಧಾನವೇ ಬದಲಾಯಿತು: ಅದು ಲಿಂಫೋಸೈಟ್‌ಗಳನ್ನು ಕೊಲ್ಲದೆ ದುಗ್ಧಗ್ರಂಥಿಗಳಲ್ಲೇ ತಡೆದಿಡುತ್ತದೆ. ಮೂತ್ರಪಿಂಡದ ಕಸಿಯಲ್ಲಿ ಹಳೆಯ ಮದ್ದುಗಳನ್ನು ಮೀರಿಸದಿದ್ದರೂ, 2010ರಲ್ಲಿ ಅಮೆರಿಕದಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗಕ್ಕೆ ಮಾನ್ಯತೆ ಪಡೆಯಿತು.

ಪರೀಕ್ಷೆ ಮಾನ್ಯತೆಯೊಂದಿಗೆ ಮುಗಿಯುವುದಿಲ್ಲ. 2012ರಲ್ಲಿ ಸಂಧಿವಾತಕ್ಕೆ ಒಪ್ಪಿಗೆ ಪಡೆದ ಟೋಫಾಸಿಟಿನಿಬ್‌ಗೆ, ದೊಡ್ಡ ಸುರಕ್ಷತಾ ಅಧ್ಯಯನದ ಬಳಿಕ 2021ರಲ್ಲಿ ಹೃದಯಾಘಾತ ಮತ್ತು ಕ್ಯಾನ್ಸರ್ ಅಪಾಯದ ಕಠಿಣ ಎಚ್ಚರಿಕೆ ಅಂಟಿತು. ಕೋಶಗಳ ತಟ್ಟೆಯಲ್ಲಿ ದಿನಗಳಲ್ಲಿ ಸಿಗುವ ಉತ್ತರ ವರ್ಷಗಟ್ಟಲೆ ಮದ್ದು ನುಂಗುವ ದೇಹಕ್ಕೆ ಸಾಲದು. ಹೊಸ ಅಣುಗಳಷ್ಟೇ ಈ ಕ್ಷೇತ್ರಕ್ಕೆ ಬೇಕಿರುವುದು ಆ ದೀರ್ಘ ಅಪಾಯವನ್ನು ಮೊದಲೇ ಹಿಡಿಯುವ ಪರೀಕ್ಷೆಗಳು.